ಜನರ ವಕೀಲರು ನ್ಯಾಯಮೂರ್ತಿಗಳಾದ ಬಗೆ

ಮೊನ್ನೆ ಒಂದು ಸಂಜೆ ನಮ್ಮ ಉಚಿತ ವಾಚನಾಲಯದಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದ ಹಿರಿಯ ಮಿತ್ರರೊಬ್ಬರು ಯಾವುದೋ ಕೋರ್ಟಿನ ತೀರ್ಪಿನ ಸುದ್ದಿಯನ್ನು ಮುಗಿಸಿ, ಕನ್ನಡಕ ತೆಗೆದಿಟ್ಟು ಹೀಗೆ ಕೇಳಿದರು: “ಅಲ್ಲಾ ರಾಯರೇ, ಪಾಳಿಯ ಮೇಲೆ ನಿಂತು ದುಡಿಯುವವನ ಕಾಲುನೋವು ಅಷ್ಟು ಎತ್ತರದ ಪೀಠದ ಮೇಲೆ ಕೂತವರಿಗೆ ಹೇಗೆ ತಿಳಿದೀತು? ಅವರು ಓದುವುದು ಕಾಯಿದೆಯ ಪುಸ್ತಕ. ನಮ್ಮ ನೋವು ಯಾವ ಪುಸ್ತಕದಲ್ಲಿ ಬರೆದಿದೆ?”

ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಹೋದ ಮೇಲೆ, ಹಿಂದೆ ಓದಿದ್ದ ಒಬ್ಬ ಅಮೇರಿಕನ್ ನ್ಯಾಯಮೂರ್ತಿಗಳ ಚರಿತ್ರೆ ನೆನಪಿಗೆ ಬಂತು. ಅವರ ಹೆಸರು ಲೂಯಿ ಬ್ರಾಂಡೈಸ್. ದುಡಿಯುವವರ ನೋವನ್ನು ನಿಜಕ್ಕೂ ಪುಸ್ತಕ ಮಾಡಿ ಸುಪ್ರೀಂ ಕೋರ್ಟಿನ ಮೇಜಿನ ಮೇಲೆ ಇಟ್ಟವರು ಅವರು. ಮುಂದೆ ಅದೇ ಕೋರ್ಟಿಗೆ ಅವರನ್ನು ನೇಮಿಸಹೊರಟಾಗ ದೇಶದ ಅತಿರಥ ಮಹಾರಥರು ನಾಲ್ಕು ತಿಂಗಳ ಕಾಲ ಬಾಗಿಲಿಗೆ ಅಡ್ಡ ನಿಂತರು. ಅವರು ಮಾಡಿದ ಕೆಲಸಕ್ಕೂ ಎದುರಿಸಿದ ವಿರೋಧಕ್ಕೂ ಇರುವ ನಂಟನ್ನು ತಿಳಿದರೆ ನಮ್ಮ ಮಿತ್ರರ ಪ್ರಶ್ನೆಗೆ ಅರ್ಧ ಉತ್ತರವಾದರೂ ಸಿಕ್ಕೀತೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬ್ರಾಂಡೈಸರು ಹುಟ್ಟಿದ್ದು 1856ನೆಯ ಇಸವಿ ನವೆಂಬರ್ 13ರಂದು, ಕೆಂಟಕಿ ಸಂಸ್ಥಾನದ ಲೂಯಿವಿಲ್ ಪಟ್ಟಣದಲ್ಲಿ. ಅವರ ತಂದೆತಾಯಿಗಳು ಯೂರೋಪಿನ ಪ್ರಾಗ್ ನಗರದ ಯಹೂದ್ಯರು. 1848ರಲ್ಲಿ ಅಲ್ಲಿ ಎದ್ದ ರಾಜಕೀಯ ಕ್ರಾಂತಿ ಸೋತಮೇಲೆ ಊರು ಬಿಟ್ಟು, ಕಡಲು ದಾಟಿ, ಹೊಸ ದೇಶದಲ್ಲಿ ಕಾಳುಕಡಿಯ ವ್ಯಾಪಾರ ಹೂಡಿ ನೆಲೆನಿಂತರು. ಊರು ಬಿಟ್ಟು ಬಂದವರ ಮಗನೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ನಾವೂ ಅದೇ ಜಾತಿಯವರು.

ಕಾಲೇಜಿನ ಪದವಿ ಇಲ್ಲದೆಯೇ ಬ್ರಾಂಡೈಸರು 1875ರಲ್ಲಿ ಹಾರ್ವರ್ಡಿನ ಕಾನೂನು ಶಾಲೆಯನ್ನು ಸೇರಿದರು. ಆಗ ಅದಕ್ಕೆ ಪದವಿ ಬೇಕಾಗಿರಲಿಲ್ಲ. ಓದಿ ಓದಿ ಕಣ್ಣು ಕೆಟ್ಟಿತು. ಸಹಪಾಠಿಗಳು ಪಾಠಗಳನ್ನು ಗಟ್ಟಿಯಾಗಿ ಓದಿ ಹೇಳುವುದು, ಇವರು ಕೇಳಿ ಮನಸ್ಸಿನಲ್ಲಿಟ್ಟುಕೊಳ್ಳುವುದು, ಹೀಗೆ ಅಭ್ಯಾಸ ನಡೆಯಿತು. 1877ರಲ್ಲಿ ತರಗತಿಗೆ ಮೊದಲಿಗರಾಗಿ ತೇರ್ಗಡೆಯಾದಾಗ ಅವರಿಗೆ 21 ವರ್ಷ ತುಂಬಿರಲಿಲ್ಲ. 1879ರಲ್ಲಿ ಬಾಸ್ಟನ್ ನಗರದಲ್ಲಿ ಸಹಪಾಠಿ ಸ್ಯಾಮ್ಯುಯಲ್ ವಾರನ್ ಅವರೊಡನೆ ವಕೀಲಿಯ ಕಚೇರಿ ತೆರೆದರು. ಕಾಗದದ ಗಿರಣಿಗಳ, ಚರ್ಮದ ಹಾಗೂ ಪಾದರಕ್ಷೆಗಳ ವರ್ತಕರ ಕೆಲಸ ಬಂತು, ಹಣವೂ ಬಂತು.

ಅಲ್ಲಿಗೆ ನಿಂತಿದ್ದರೆ ಅವರು ಒಬ್ಬ ಶ್ರೀಮಂತ ವಕೀಲರಾಗಿ ತೀರಿಹೋಗುತ್ತಿದ್ದರು. 1892ರಲ್ಲಿ ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್ ಎಂಬಲ್ಲಿ ಕಾರ್ನೆಗಿಯವರ ಉಕ್ಕಿನ ಕಾರಖಾನೆಯಲ್ಲಿ ಮುಷ್ಕರ ಹೂಡಿದ ಕಾರ್ಮಿಕರ ಮೇಲೆ ಮಾಲಿಕರು ಬಂದೂಕುಧಾರಿಗಳಾದ ಖಾಸಗಿ ಕಾವಲುಗಾರರನ್ನು ತರಿಸಿದರು. ಕಾಳಗವಾಗಿ ಎರಡೂ ಕಡೆ ಹೆಣ ಬಿದ್ದವು. ಹಳೆಯ ಗ್ರಂಥಗಳಲ್ಲಿ ಓದಿದ ಕಾನೂನಿಗೂ ಹೊಸ ಕಾರಖಾನೆಗಳಲ್ಲಿ ನಡೆಯುವ ಬಾಳಿಗೂ ಹೊಂದಿಕೆ ಇಲ್ಲವೆಂದು ತಮಗೆ ಮನದಟ್ಟಾದದ್ದು ಆಗ ಎಂದು ಅವರು ಮುಂದೆ ಹೇಳುತ್ತಿದ್ದರು.

ಒಬ್ಬ ಹೆಣ್ಣುಮಗಳ ಹತ್ತು ಗಂಟೆ

ಆ ಕಾಲದ ಕೋರ್ಟುಗಳ ಮನೋಧರ್ಮ ಹೇಗಿತ್ತೆಂಬುದಕ್ಕೆ ಒಂದು ಮೊಕದ್ದಮೆ ಸಾಕು. ನ್ಯೂಯಾರ್ಕ್ ಸಂಸ್ಥಾನದ ಶಾಸನವೊಂದು ಬೇಕರಿಯ ಕೆಲಸಗಾರರನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಗೊತ್ತುಮಾಡಿತ್ತು. ಲಾಕ್ನರ್ ಎಂಬ ಬೇಕರಿಯ ಮಾಲಿಕ ಇದನ್ನು ಪ್ರಶ್ನಿಸಿದ. 1905ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಅವನ ಪರವಾಗಿ ತೀರ್ಪು ಕೊಟ್ಟರು. ಎಷ್ಟು ಹೊತ್ತು ದುಡಿಯಬೇಕೆಂಬುದು ಧಣಿಗೂ ಆಳಿಗೂ ನಡುವಿನ ಸ್ವತಂತ್ರ ಕರಾರು, ಅದರಲ್ಲಿ ಸರಕಾರ ಕೈಹಾಕಲಾಗದು ಎಂಬುದು ಅವರ ವಾದ. ಹೊಟ್ಟೆಗಿಲ್ಲದೆ ಬಾಗಿಲಲ್ಲಿ ನಿಂತವನಿಗೂ ಬೀಗದ ಕೈ ಹಿಡಿದವನಿಗೂ ಎಂಥ ಸ್ವತಂತ್ರ ಕರಾರು ಎಂದು ವಾಚಕರು ಕೇಳಬಹುದು. ಕಾಗದದ ಮೇಲೆ ಇಬ್ಬರೂ ಸಮಾನರು. ಕೋರ್ಟು ಕಾಗದವನ್ನು ಮಾತ್ರ ನೋಡಿತು.

ಅದೇ 1905ರ ಸಪ್ಟೆಂಬರಿನಲ್ಲಿ ದೇಶದ ಇನ್ನೊಂದು ತುದಿಯ ಆರೆಗಾನ್ ಸಂಸ್ಥಾನದಲ್ಲಿ, ಪೋರ್ಟ್‌ಲೆಂಡ್ ನಗರದ ಒಂದು ಲಾಂಡ್ರಿಯಲ್ಲಿ, ಗಾಚರ್ ಎಂಬ ಹೆಣ್ಣುಮಗಳನ್ನು ಹತ್ತು ಗಂಟೆಗೂ ಮೀರಿ ದುಡಿಸಿದರು. ಹೆಂಗಸರಿಗೆ ದಿನಕ್ಕೆ 10 ಗಂಟೆಯೇ ಮಿತಿ ಎಂದು 1903ರಲ್ಲಿ ಅಲ್ಲಿ ಶಾಸನವಾಗಿತ್ತು. ಮಾಲಿಕ ಕರ್ಟ್ ಮುಲ್ಲರನಿಗೆ 10 ಡಾಲರು ದಂಡ ಬಿತ್ತು. ಆತ ದಂಡ ತೆರುವ ಬದಲು ಸುಪ್ರೀಂ ಕೋರ್ಟಿನ ತನಕ ಹೋದ. ಲಾಕ್ನರನ ತೀರ್ಪು ಎದುರಿಗೇ ಇದ್ದುದರಿಂದ ಅವನ ಗೆಲುವು ಖಚಿತವೆಂದು ಬಹಳ ಜನ ತಿಳಿದಿದ್ದರು.

ಶಾಸನವನ್ನು ಉಳಿಸಿಕೊಳ್ಳಲು ‘ರಾಷ್ಟ್ರೀಯ ಗ್ರಾಹಕರ ಸಂಘ’ದ ಫ್ಲಾರೆನ್ಸ್ ಕೆಲಿ ಮತ್ತು ಜೋಸೆಫೀನ್ ಗೋಲ್ಡ್‌ಮಾರ್ಕ್ ಎಂಬ ಮಹಿಳೆಯರು ಹೊರಟರು. ಮೊದಲು ಕಂಡ ಪ್ರಖ್ಯಾತ ವಕೀಲರೊಬ್ಬರು, ಗಟ್ಟಿಮುಟ್ಟಾದ ಹೆಂಗಸು ಹತ್ತು ಗಂಟೆಗಿಂತ ಹೆಚ್ಚು ದುಡಿದರೆ ಆಗುವುದೇನು ಎಂದು ಕೇಳಿ ಕೈತೊಳೆದುಕೊಂಡರಂತೆ. ಆಮೇಲೆ ಅವರು ಬ್ರಾಂಡೈಸರ ಬಳಿಗೆ ಬಂದರು. ಜೋಸೆಫೀನರು ಬ್ರಾಂಡೈಸರ ಮಡದಿ ಆಲಿಸ್ ಅವರ ತಂಗಿ. ಬ್ರಾಂಡೈಸರು ಸಂಭಾವನೆ ಇಲ್ಲದೆ ಒಪ್ಪಿಕೊಂಡು ಒಂದೇ ಮಾತು ಹೇಳಿದರು: ನನಗೆ ಸಂಗತಿಗಳು ಬೇಕು.

ಗೋಲ್ಡ್‌ಮಾರ್ಕ್ ಮತ್ತು ಅವರ ಸಂಗಾತಿಗಳು ಗ್ರಂಥಾಲಯಗಳಲ್ಲಿ ಕುಳಿತು ಅಮೇರಿಕ ಮತ್ತು ಯೂರೋಪುಗಳ ಕಾರಖಾನೆ ತಪಾಸಣೆಗಾರರ ವರದಿಗಳು, ವೈದ್ಯರ ಹೇಳಿಕೆಗಳು, ವಿಚಾರಣಾ ಸಮಿತಿಗಳ ದಾಖಲೆಗಳು, ಅಂಕಿಸಂಖ್ಯೆಗಳು ಎಲ್ಲವನ್ನೂ ಹೆಕ್ಕಿ ತೆಗೆದರು. ದಣಿದ ದೇಹಕ್ಕೆ ಯಂತ್ರದಿಂದ ಅಪಘಾತ ಎಷ್ಟು, ಹೆಚ್ಚು ಹೊತ್ತು ನಿಂತರೆ ಆಗುವ ರೋಗ ಯಾವುದು, ದುಡಿಮೆಯ ಅವಧಿ ಇಳಿಸಿದ ಕಡೆ ಉತ್ಪಾದನೆ ಕೆಟ್ಟಿತೇ, ತಾಯಂದಿರ ದಣಿವಿನಿಂದ ಕೂಸುಗಳಿಗೆ ಏನಾಯಿತು, ಇದೆಲ್ಲ ಅದರಲ್ಲಿತ್ತು. ಹೀಗೆ ಸಿದ್ಧವಾದ ಲಿಖಿತ ವಾದ 113 ಪುಟಗಳಷ್ಟಾಯಿತು. ಅದರಲ್ಲಿ ಕಾಯಿದೆಯ ಚರ್ಚೆ ಸುಮಾರು ಎರಡು ಪುಟ ಮಾತ್ರ. ಉಳಿದದ್ದೆಲ್ಲ ದುಡಿಯುವವರ ಬಾಳು. ಕೋರ್ಟಿನ ಮುಂದೆ ಅಂಥ ವಾದ ಅದುವರೆಗೆ ಬಂದಿರಲಿಲ್ಲ.

1908ರ ಫೆಬ್ರವರಿ 24ರಂದು ತೀರ್ಪು ಬಂತು. ಒಂಬತ್ತು ಮಂದಿಯೂ ಒಮ್ಮತದಿಂದ ಶಾಸನವನ್ನು ಎತ್ತಿಹಿಡಿದರು. ತೊಂಬತ್ತಕ್ಕೂ ಹೆಚ್ಚು ವರದಿಗಳಿಂದ ಬ್ರಾಂಡೈಸರು ಆಯ್ದು ಕೊಟ್ಟ ಭಾಗಗಳನ್ನು ತೀರ್ಪಿನಲ್ಲಿಯೇ ಸ್ಮರಿಸಿದರು. ಅಂದಿನಿಂದ ಅಮೇರಿಕೆಯ ವಕೀಲರು ಸಂಗತಿಗಳನ್ನು ಮುಂದಿಟ್ಟು ಬರೆಯುವ ಇಂಥ ವಾದಕ್ಕೆ ‘ಬ್ರಾಂಡೈಸ್ ಬ್ರೀಫ್’ ಎಂದೇ ಹೆಸರಿಟ್ಟರು. ಹೆಂಗಸು ಗಂಡಸಿಗಿಂತ ದುರ್ಬಲಳು, ಆದ್ದರಿಂದ ರಕ್ಷಣೆ ಬೇಕು ಎಂಬ ತಳಹದಿಯ ಮೇಲೆ ಆ ತೀರ್ಪು ನಿಂತಿದ್ದರಿಂದ, ಮುಂದೆ ಅದನ್ನೇ ಹಿಡಿದು ಹೆಂಗಸರನ್ನು ಕೆಲವು ಉದ್ಯೋಗಗಳಿಂದ ದೂರವಿಟ್ಟದ್ದೂ ಉಂಟು. ಇದನ್ನು ಮುಚ್ಚಿಡಬಾರದು. ಆದರೂ ದುಡಿಮೆಯ ಗಂಟೆಗಳನ್ನು ಎಣಿಸುವಾಗ ಕೋರ್ಟು ದೇಹದ ದಣಿವನ್ನೂ ಎಣಿಸಬೇಕು ಎಂಬ ಮಾತು ಅಂದು ಬೇರೂರಿತು.

‘ಜನರ ವಕೀಲ’

ಈ ನಡುವೆ ಬ್ರಾಂಡೈಸರು ಮಾಡಿದ ಇನ್ನೆರಡು ಕೆಲಸಗಳು ನಮ್ಮಂಥವರಿಗೆ ರುಚಿಸತಕ್ಕವು.

ಮೊದಲನೆಯದು ವಿಮೆಯದು. ಆಗ ಬಡ ಕಾರ್ಮಿಕರ ಮನೆಬಾಗಿಲಿಗೆ ವಿಮಾ ಕಂಪನಿಗಳ ಏಜೆಂಟರು ವಾರವಾರ ಬಂದು ಪುಡಿಗಾಸಿನ ಕಂತು ವಸೂಲು ಮಾಡುತ್ತಿದ್ದರು. ಅದರಲ್ಲಿ ದೊಡ್ಡ ಪಾಲು ಕಂಪನಿಯ ಖರ್ಚಿಗೇ ಹೋಗುತ್ತಿತ್ತು. ಒಂದೆರಡು ಕಂತು ತಪ್ಪಿದರೆ ಕಟ್ಟಿದ್ದೂ ಮುಳುಗುತ್ತಿತ್ತು. ಬ್ರಾಂಡೈಸರು ಲೆಕ್ಕ ಹಾಕಿ ನೋಡಿ, ಊರೂರಿನ ಉಳಿತಾಯ ಬ್ಯಾಂಕುಗಳೇ ಏಜೆಂಟರಿಲ್ಲದೆ ಅಗ್ಗದ ವಿಮೆ ಮಾರಬಹುದೆಂದು ತೋರಿಸಿದರು. 1907ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನ ಅದನ್ನು ಶಾಸನ ಮಾಡಿತು. ತಮ್ಮ ಎಲ್ಲ ಕೆಲಸಗಳಲ್ಲಿ ಇದನ್ನೇ ಅವರು ಬಹಳ ದೊಡ್ಡದೆಂದು ಎಣಿಸುತ್ತಿದ್ದರು.

ಎರಡನೆಯದು 1910ರಲ್ಲಿ ನ್ಯೂಯಾರ್ಕಿನ ಉಡುಪು ಹೊಲಿಯುವವರ ಮುಷ್ಕರ. ಹತ್ತಾರು ಸಾವಿರ ಜನ, ಹೆಚ್ಚಿನವರು ಯೂರೋಪಿನಿಂದ ಬಂದ ವಲಸೆಗಾರರು, ಕೆಲಸ ನಿಲ್ಲಿಸಿದ್ದರು. ಬ್ರಾಂಡೈಸರು ನಡುವೆ ನಿಂತು ಒಪ್ಪಂದ ಮಾಡಿಸಿದರು. ವಾರಕ್ಕೆ 50 ಗಂಟೆ, ಶುಚಿತ್ವ ನೋಡಿಕೊಳ್ಳಲು ಜಂಟಿ ಮಂಡಲಿ, ತಕರಾರು ಬಗೆಹರಿಸಲು ಪಂಚಾಯತಿ, ಇಷ್ಟಕ್ಕೆ ಎರಡೂ ಪಕ್ಷ ಒಪ್ಪಿದವು. ಕೆಲವು ವರ್ಷಗಳಲ್ಲಿ ಆ ಒಪ್ಪಂದ ಮುರಿದುಬಿತ್ತು, ನಿಜ. ಆದರೆ ಮುಂದಿನ ಕಾರ್ಮಿಕ ಒಪ್ಪಂದಗಳಿಗೆ ಅದು ಮೇಲ್ಪಂಕ್ತಿಯಾಯಿತು.

ಸಾರ್ವಜನಿಕರ ಪರವಾದ ಕೆಲಸಕ್ಕೆ ಅವರು ಶುಲ್ಕ ತೆಗೆದುಕೊಳ್ಳುತ್ತಿರಲಿಲ್ಲ. ಪಾಲುದಾರರಿಗೆ ನಷ್ಟವಾಗಬಾರದೆಂದು, ಅಂಥ ಕೆಲಸಕ್ಕೆ ವ್ಯಯವಾದ ಹೊತ್ತಿನ ಬೆಲೆಯನ್ನು ತಮ್ಮ ಕಚೇರಿಗೆ ತಾವೇ ತುಂಬಿದ್ದುಂಟು. ಜನ ಅವರನ್ನು ‘ಜನರ ವಕೀಲ’ ಎಂದು ಕರೆದರು. ರೈಲ್ವೆ ಕಂಪನಿಗಳು, ವಿಮಾ ಕಂಪನಿಗಳು, ದೊಡ್ಡ ಸಾಹುಕಾರಿ ಬ್ಯಾಂಕುಗಳು ಅವರನ್ನು ಏನೆಂದು ಕರೆದವೆಂಬುದನ್ನು ಊಹಿಸಬಹುದು.

125 ದಿನಗಳ ನೇಮಕ

ಅಮೇರಿಕೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯ ಹೆಸರನ್ನು ಅಧ್ಯಕ್ಷರು ಸೂಚಿಸುತ್ತಾರೆ. ಸೆನೆಟ್ ಎಂಬ ಮೇಲ್ಮನೆ ಒಪ್ಪಬೇಕು. ಒಪ್ಪಿದರೆ ನೇಮಕ, ಒಪ್ಪದಿದ್ದರೆ ಇಲ್ಲ. ಪೀಠವೇರಿದವರಿಗೆ ನಿವೃತ್ತಿಯ ವಯಸ್ಸೆಂಬುದಿಲ್ಲ. ನಮ್ಮ ಸುಪ್ರೀಂ ಕೋರ್ಟಿನಲ್ಲಿ 65 ವರ್ಷಕ್ಕೆ ನಿವೃತ್ತಿ. ಹೀಗಾಗಿ ಅಲ್ಲಿ ಒಬ್ಬರನ್ನು ಪೀಠಕ್ಕೆ ಏರಿಸುವುದೆಂದರೆ ಇಪ್ಪತ್ತು ಮೂವತ್ತು ವರ್ಷದ ಮಾತಾಗಬಹುದು.

1916ರ ಜನವರಿ 2ರಂದು ನ್ಯಾಯಮೂರ್ತಿ ಜೋಸೆಫ್ ಲಾಮಾರ್ ತೀರಿಕೊಂಡರು. ಜನವರಿ 28ರಂದು ಅಧ್ಯಕ್ಷ ವುಡ್ರೋ ವಿಲ್ಸನ್ನರು ಆ ಸ್ಥಾನಕ್ಕೆ ಬ್ರಾಂಡೈಸರ ಹೆಸರನ್ನು ಕಳುಹಿಸಿದರು. 1912ರ ಚುನಾವಣೆಯ ಕಾಲದಿಂದ ಆರ್ಥಿಕ ವಿಷಯಗಳಲ್ಲಿ ವಿಲ್ಸನ್ನರಿಗೆ ಅವರು ಸಲಹೆಗಾರರಾಗಿದ್ದರು. ಸುದ್ದಿ ಕೇಳಿ ಸೆನೆಟ್ಟೇ ಬೆಚ್ಚಿತು. ಅದುವರೆಗೆ ಯಹೂದ್ಯರೊಬ್ಬರು ಆ ಪೀಠದಲ್ಲಿ ಕುಳಿತಿರಲಿಲ್ಲ.

ಸೆನೆಟ್ಟಿನ ನ್ಯಾಯಸಮಿತಿಯ ಉಪಸಮಿತಿ ಫೆಬ್ರವರಿಯಲ್ಲಿ ಬಹಿರಂಗ ವಿಚಾರಣೆ ಆರಂಭಿಸಿತು. ಸುಪ್ರೀಂ ಕೋರ್ಟಿನ ಉಮೇದುವಾರರ ಬಗ್ಗೆ ಹೀಗೆ ಸಾಕ್ಷಿ ಕರೆಸಿ ಬಹಿರಂಗವಾಗಿ ವಿಚಾರಣೆ ನಡೆಸಿದ್ದು ಅದೇ ಮೊದಲು. ಹಿಂದೆ ಅಧ್ಯಕ್ಷರಾಗಿದ್ದ ವಿಲಿಯಂ ಹೋವರ್ಡ್ ಟಾಫ್ಟ್ ಮತ್ತು ವಕೀಲರ ರಾಷ್ಟ್ರೀಯ ಸಂಘದ ಆರು ಮಂದಿ ಮಾಜಿ ಅಧ್ಯಕ್ಷರು ಇವರು ಯೋಗ್ಯರಲ್ಲವೆಂದು ಬರೆದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಲೊವೆಲ್ ಮತ್ತು ಬಾಸ್ಟನ್ನಿನ ಇನ್ನೂ 54 ಮಂದಿ ಗಣ್ಯರು ವಿರೋಧದ ಅರ್ಜಿಗೆ ಸಹಿ ಹಾಕಿದರು. ಅದೇ ಹಾರ್ವರ್ಡಿನ ಕಾನೂನು ಶಾಲೆಯ 11 ಅಧ್ಯಾಪಕರಲ್ಲಿ 9 ಮಂದಿ ಬ್ರಾಂಡೈಸರ ಬೆಂಬಲಕ್ಕೆ ನಿಂತರು.

ಆರೋಪಗಳೇನು? ಮೊದಲು ಒಂದು ಪಾದರಕ್ಷೆ ಯಂತ್ರದ ಕಂಪನಿಯ ಪರವಾಗಿದ್ದು ಆಮೇಲೆ ಅದರ ವಿರುದ್ಧ ನಿಂತರು ಎಂಬುದೊಂದು. ದಿವಾಳಿಯ ಅಂಚಿನಲ್ಲಿದ್ದ ವ್ಯಾಪಾರದ ವ್ಯವಹಾರದಲ್ಲಿ ಸಾಲಗಾರನ ಪರವೋ, ಸಾಲ ಕೊಟ್ಟವರ ಪರವೋ ಎಂಬುದನ್ನು ಸ್ಪಷ್ಟಪಡಿಸಲಿಲ್ಲ ಎಂಬುದು ಇನ್ನೊಂದು. ಇಂಥ ಒಂದೆರಡು ಪ್ರಸಂಗಗಳಲ್ಲಿ ಅವರು ಕಕ್ಷಿಗಾರರಿಗೆ ಇನ್ನೂ ಬಿಡಿಸಿ ಹೇಳಬಹುದಾಗಿತ್ತು ಎಂದು ಅವರನ್ನು ಮೆಚ್ಚುವವರೂ ಒಪ್ಪಿದ್ದಾರೆ. ಆದರೆ ಮೋಸ ಎಲ್ಲಿಯೂ ಸಿಕ್ಕಲಿಲ್ಲ. ಕೊನೆಗೆ ಉಳಿದ ಆರೋಪ, ಅವರಿಗೆ ನ್ಯಾಯಾಧೀಶರ ಮನೋಧರ್ಮ ಇಲ್ಲ ಎಂಬುದು. ಬಹುಕಾಲ ಕಂಪನಿಗಳ ಪರವಾಗಿಯೇ ವಾದಿಸಿದವರು ಪೀಠ ಏರಿದಾಗ ಯಾರೂ ಕೇಳದ ಪ್ರಶ್ನೆಯನ್ನು, ಕಾರ್ಮಿಕರ ಪರವಾಗಿ ವಾದಿಸಿದವರಿಗೆ ಮಾತ್ರ ಕೇಳಿದರು. ಯಹೂದ್ಯರೆಂಬ ಅಸಹನೆಯೂ ಒಳಗೊಳಗೇ ಇತ್ತು. ಬಾಯಿಬಿಟ್ಟು ಹೇಳಿದವರು ಕಡಿಮೆ.

ಅಂದಿನ ಪದ್ಧತಿಯಂತೆ ಬ್ರಾಂಡೈಸರು ವಿಚಾರಣೆಗೆ ಹಾಜರಾಗಲಿಲ್ಲ. ಬಾಸ್ಟನ್ನಿನಲ್ಲಿ ಕುಳಿತು, ತಮ್ಮ ಹಳೆಯ ಕಾಗದಪತ್ರಗಳನ್ನು ತೆಗೆಸಿ, ಪ್ರತಿಯೊಂದು ಆರೋಪಕ್ಕೂ ಬೇಕಾದ ದಾಖಲೆಯನ್ನು ಗೆಳೆಯರ ಕೈಗೆ ಒದಗಿಸುತ್ತಿದ್ದರು. ಅಲ್ಲಿಯೂ ಅವರ ಆಯುಧ ಸಂಗತಿಯೇ. ಮೇ ತಿಂಗಳಲ್ಲಿ ವಿಲ್ಸನ್ನರು ಸಮಿತಿಯ ಅಧ್ಯಕ್ಷರಿಗೆ ಪತ್ರ ಬರೆದು, ಈ ಆರೋಪಗಳಿಂದ ಬ್ರಾಂಡೈಸರ ಯೋಗ್ಯತೆಗಿಂತ ಆರೋಪ ಹೊರಿಸಿದವರ ಗುಣವೇ ಹೆಚ್ಚು ಬೆಳಕಿಗೆ ಬಂತೆಂಬ ಅರ್ಥದ ಮಾತು ಹೇಳಿದರು. ಮೇ 24ರಂದು ಸಮಿತಿ 10ಕ್ಕೆ 8 ಮತಗಳಿಂದ ಒಪ್ಪಿತು. ಜೂನ್ 1ರಂದು ಇಡೀ ಸೆನೆಟ್ 47ಕ್ಕೆ 22 ಮತಗಳಿಂದ ಒಪ್ಪಿಗೆ ಕೊಟ್ಟಿತು. ಹೆಸರು ಕಳುಹಿಸಿದ ದಿನದಿಂದ ಅಂದಿಗೆ 125 ದಿನ. ಆ ಸಂಜೆ ಮನೆಗೆ ಬಂದ ಬ್ರಾಂಡೈಸರನ್ನು ಮಡದಿ ಆಲಿಸ್ ಅವರು ‘ನ್ಯಾಯಮೂರ್ತಿಗಳೇ’ ಎಂದು ಕರೆದು ಸ್ವಾಗತಿಸಿದರಂತೆ. ಜೂನ್ 5ರಂದು ಪ್ರಮಾಣವಚನವಾಯಿತು.

ಪೀಠದ ಮೇಲೆ

ಒಳಗೆ ಹೋದ ಮೇಲೂ ಸುಖವೇನಿರಲಿಲ್ಲ. ಸಹ ನ್ಯಾಯಮೂರ್ತಿ ಮ್ಯಾಕ್‌ರೆನಾಲ್ಡ್ಸ್ ಎಂಬವರು ವರ್ಷಗಟ್ಟಲೆ ಇವರೊಡನೆ ಮಾತೇ ಆಡಲಿಲ್ಲ. ವಿರೋಧಿಸಿದ್ದ ಟಾಫ್ಟರು 1921ರಲ್ಲಿ ಮುಖ್ಯ ನ್ಯಾಯಮೂರ್ತಿಗಳಾಗಿ ಬಂದರು. ಅಭಿಪ್ರಾಯಭೇದ ಇದ್ದರೂ ಇಬ್ಬರೂ ಕ್ರಮೇಣ ಸೌಜನ್ಯದಿಂದ ಕೂಡಿ ಕೆಲಸ ಮಾಡಿದರು.

1917ರಲ್ಲಿ ಗಂಡಸರಿಗೂ ಅನ್ವಯಿಸುವ ಆರೆಗಾನಿನ ಹತ್ತು ಗಂಟೆಯ ಶಾಸನ ಕೋರ್ಟಿಗೆ ಬಂದಾಗ ಬ್ರಾಂಡೈಸರು ಆ ಮೊಕದ್ದಮೆಯಿಂದ ಹಿಂದೆ ಸರಿದರು. ವಕೀಲರಾಗಿದ್ದಾಗ ತಾವೇ ಅದರ ಕೆಲಸ ಮಾಡಿದ್ದರಿಂದ ತೀರ್ಪು ಹೇಳುವುದು ಸಲ್ಲದು ಎಂಬುದೇ ಕಾರಣ. ಶಾಸನ 5ಕ್ಕೆ 3ರಿಂದ ಉಳಿಯಿತು. ನ್ಯಾಯಾಧೀಶರ ಮನೋಧರ್ಮ ಇಲ್ಲ ಎಂದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ಅವರ ಎಷ್ಟೋ ಒಳ್ಳೆಯ ಬರಹಗಳು ಭಿನ್ನಮತದ ತೀರ್ಪುಗಳು. ಬರೆದ ದಿನ ಸೋತವು. 1928ರಲ್ಲಿ ಪೋಲೀಸರು ಟೆಲಿಫೋನು ತಂತಿಗೆ ಕಿವಿಗೊಟ್ಟು ಸಂಗ್ರಹಿಸಿದ ಸಾಕ್ಷ್ಯ ಸರಿಯೆಂದು ಐವರು ಹೇಳಿದಾಗ, ಮನುಷ್ಯನ ಖಾಸಗಿ ಬಾಳಿನಲ್ಲಿ ಸರಕಾರ ಹೀಗೆ ನುಗ್ಗಬಾರದೆಂದು ಬ್ರಾಂಡೈಸರು ಬರೆದರು. 1967ರಲ್ಲಿ ಅದೇ ಕೋರ್ಟು ಆ ಹಳೆಯ ತೀರ್ಪನ್ನು ಕೈಬಿಟ್ಟಿತು. ದುಡಿಮೆಯ ಕರಾರಿನಲ್ಲಿ ಸರಕಾರ ಕೈಹಾಕಬಾರದೆಂಬ ಲಾಕ್ನರ್ ಕಾಲದ ವಾದ ಬಿದ್ದದ್ದು 1937ರಲ್ಲಿ, ಕನಿಷ್ಠ ವೇತನದ ಶಾಸನವೊಂದನ್ನು ಕೋರ್ಟು ಎತ್ತಿಹಿಡಿದಾಗ. ಆಗ ಬ್ರಾಂಡೈಸರು ಬಹುಮತದಲ್ಲಿದ್ದರು. ಅವರಲ್ಲಿ ತಪ್ಪೇ ಇಲ್ಲವೆಂದಲ್ಲ. ಬುದ್ಧಿಮಾಂದ್ಯರೆಂದು ಗುರುತಿಸಿದವರಿಗೆ ಬಲಾತ್ಕಾರದಿಂದ ಸಂತಾನಹರಣ ಚಿಕಿತ್ಸೆ ಮಾಡಬಹುದೆಂಬ 1927ರ ತೀರ್ಪಿಗೆ ಇವರೂ ಒಪ್ಪಿದ್ದರು. ಸಂಗತಿ ಕೇಳುವ ಈ ಪುರುಷರು ಅಂದು ಸಂಗತಿ ಕೇಳಲಿಲ್ಲ.

1939ರಲ್ಲಿ ಅವರು ತಾವಾಗಿ ನಿವೃತ್ತರಾದರು. 1941ರ ಅಕ್ಟೋಬರ್ 5ರಂದು ತೀರಿಕೊಂಡರು. ಹುಟ್ಟಿದೂರಾದ ಲೂಯಿವಿಲ್‌ನ ಕಾನೂನು ಶಾಲೆಯ ಆವರಣದಲ್ಲಿ ಅವರ ಚಿತಾಭಸ್ಮವಿದೆ.

ನಮಗೂ ತಲುಪಿದ ಎಳೆ

ಈ ಕಥೆಯ ಒಂದು ಎಳೆ ನಮ್ಮ ನಾಡಿಗೂ ಬಂದಿದೆ. 1890ರಲ್ಲಿ ಬ್ರಾಂಡೈಸರೂ ವಾರನ್ನರೂ ಕೂಡಿ, ಮನುಷ್ಯನಿಗೆ ತನ್ನ ಪಾಡಿಗೆ ತಾನಿರುವ ಹಕ್ಕಿದೆ ಎಂದು ಒಂದು ಲೇಖನ ಬರೆದಿದ್ದರು. 2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ನಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 127 ವರ್ಷ ಹಿಂದಿನ ಆ ಲೇಖನದ ಚರ್ಚೆ ಆ ತೀರ್ಪಿನಲ್ಲಿದೆ.

ಇನ್ನು ನಮ್ಮ ಮಿತ್ರರ ಪ್ರಶ್ನೆ. ದುಡಿಯುವವನ ನೋವು ಪೀಠದ ಮೇಲಿರುವವರಿಗೆ ತಾನಾಗಿ ತಿಳಿಯುವುದಿಲ್ಲ. ಯಾರಾದರೂ ಬರೆದಿಟ್ಟಿದ್ದರೆ, ಇನ್ಯಾರಾದರೂ ಅದನ್ನು ಹುಡುಕಿ ತಂದಿಟ್ಟರೆ ತಿಳಿಯುತ್ತದೆ. ಆ 113 ಪುಟಗಳಲ್ಲಿ ಇದ್ದದ್ದು ಮಹಾಪಂಡಿತರ ಸೂತ್ರಗಳಲ್ಲ. ಯಾವುದೋ ಊರಿನ ತಪಾಸಣೆಗಾರ, ಯಾವುದೋ ಆಸ್ಪತ್ರೆಯ ವೈದ್ಯ, ಯಾವುದೋ ಕಚೇರಿಯ ಗುಮಾಸ್ತ ಅಂದಂದೇ ಸರಿಯಾಗಿ ಬರೆದಿಟ್ಟ ಟಿಪ್ಪಣಿಗಳು. ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಕೆಲಸ ನನ್ನದು. ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಗಾಯವಾದರೆ ಗಾಯ. ಬಹಳ ದಿನ ಇದನ್ನು ಬೇಸರದ ಕೆಲಸವೆಂದುಕೊಂಡಿದ್ದೆ. ಈ ಚರಿತ್ರೆಯನ್ನು ಓದಿದ ಮೇಲೆ ಒಂದು ಗಂಟೆಯನ್ನೂ ತಪ್ಪಾಗಿ ಬರೆಯಲು ಕೈ ಏಳುವುದಿಲ್ಲ.

ವಾಚಕ ಬಂಧುಗಳೂ ತಮ್ಮ ಪಗಾರದ ಚೀಟಿ, ಹೆಚ್ಚುವರಿ ದುಡಿಮೆಯ ಲೆಕ್ಕ, ಗಾಯದ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ನನ್ನ ವಿನಂತಿ. ಓದಲು ಬರೆಯಲು ಬಾರದ ಜೊತೆಗಾರರಿದ್ದರೆ ಅವರ ಲೆಕ್ಕವನ್ನೂ ಬರೆದುಕೊಡಿರಿ. ಯಾವ ಕಾಗದ ಯಾವ ದಿನ ಯಾರ ಮೇಜಿನ ಮೇಲೆ ಸಾಕ್ಷಿ ನುಡಿಯುವುದೋ ಬಲ್ಲವರಾರು?